ಹೆಸರು ಹೇಳದೆ ಎದ್ದು ನಿಂತವರು

ಕುರಿಗಳ ತುಪ್ಪಟ ಕತ್ತರಿಸುವ ವಸಂತಕಾಲ. ಬೆಳಗಿನ ಹೊತ್ತು, ಧೂಳಿನ ಗಾಳಿ ಇನ್ನೂ ಎದ್ದಿರಲಿಲ್ಲ. ಗ್ಲೆನಿಬಾ ಅಜ್ಜಿ ಕುರಿಯೊಂದರ ಕಾಲು ಕಟ್ಟಿ ಕೆಡವಿಕೊಂಡು ಕತ್ತರಿ ಹಿಡಿದಿದ್ದಳು. ಅಷ್ಟರಲ್ಲಿ ಅವಳ ತಮ್ಮ ಹ್ಯಾಸ್ಕಿ ಟ್ರಕ್ಕಿನಿಂದ ಇಳಿದ. ಟ್ರಕ್ಕಿನ ಹಿಂದೆ ನೀರಿನ ಪೀಪಾಯಿಗಳು, ಕೈಯಲ್ಲಿ ಒಂದು ಕಾಗದ.

"ಅಕ್ಕಾ, ಇಲ್ಲೊಂದು ಹೆಬ್ಬೆಟ್ಟು ಒತ್ತು."

"ಏನದು?"

"ಗಣಿಯವ್ರ ಕಾಗದ. ಹಳೇ ಯುರೇನಿಯಂ ಗಣಿ ಮತ್ತೆ ತೆಗೀತಾರಂತೆ. ಮೊದಲೊಂದು ಕಾಗದಕ್ಕೆ ನಾನೇ ಸಹಿ ಹಾಕಿ ಅವ್ರಿಗೆ ಕೊಟ್ಟೆ. ಆಮೇಲೆ ಅವ್ರಿಗೆ ಯಾರೋ ಹೇಳಿದಾರೆ, ಮೇವಿನ ನೆಲ ಹೆಂಗಸಿಂದು, ಇವನ ಸಹಿ ನಡೆಯಲ್ಲ ಅಂತ."

"ಓಹೋ! ಪರದೇಶದವ್ರಿಗೆ ಗೊತ್ತಾಯ್ತು, ಒಡಹುಟ್ಟಿದವನಿಗೆ ಮರ್ತುಹೋಗಿತ್ತು!"

ನಾವು ಅಮೆರಿಕದ ಮೂಲನಿವಾಸಿಗಳು; ಹೊರಗಿನವರು ನಮ್ಮನ್ನು ನವಾಹೊ ಎನ್ನುತ್ತಾರೆ, ನಾವು ದಿನೆ ಎಂದುಕೊಳ್ಳುತ್ತೇವೆ. ನಮ್ಮಲ್ಲಿ ಮನೆ, ಕುರಿ, ಮೇವಿನ ನೆಲ ತಾಯಿಯಿಂದ ಮಗಳಿಗೆ ಇಳಿಯುತ್ತವೆ. ಹ್ಯಾಸ್ಕಿ ತಲೆ ತಗ್ಗಿಸಿ ಪೀಪಾಯಿ ಇಳಿಸತೊಡಗಿದ.

ಅದು ಸೋಮವಾರ. ಮನೆಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ ಶರ್ಲೀನ್ ಆಗಲೇ ದೊಡ್ಡಿಯ ಹತ್ತಿರ ಬಂದಿದ್ದಳು. ಅಜ್ಜಿಯ ಕುಲದವಳೇ, ಹಾಗಾಗಿ ಅಜ್ಜಿಗೆ ಮಗಳ ಲೆಕ್ಕ.

"ಮಾವ, ಈ ನೀರು ಎಲ್ಲಿಂದು?"

"ಹಳೇ ಗಣಿ ಮಣ್ಣು ಸುರಿದ ದಿಬ್ಬ ಇದೆಯಲ್ಲ, ಅದರ ಕೆಳಗಿನ ಬಾವೀದು. ಹತ್ತಿರ ಅಲ್ವಾ?"

"ಕುಡೀಬೇಡಿ ಅಂತ ಅಲ್ಲಿ ಬೋರ್ಡು ಹಾಕಿದೆ!"

"ಇಂಗ್ಲಿಷಲ್ಲಿ ಹಾಕಿದೆ. ಕುರಿಗೂ ಓದಕ್ಕೆ ಬರಲ್ಲ, ನನಗೂ ಬರಲ್ಲ."

ಶರ್ಲೀನ್ ಪೀಪಾಯಿಗಳನ್ನು ಒಂದೊಂದಾಗಿ ಉರುಳಿಸಿ ನೀರು ಚೆಲ್ಲಿದಳು. "ಗಣಿ ಮಣ್ಣಿಂದ ನೀರಿಗಿಳಿದ ಈ ವಿಷ ಕಣ್ಣಿಗೆ ಕಾಣಲ್ಲ, ನಾಲಿಗೆಗೆ ಗೊತ್ತಾಗಲ್ಲ. ಕಾಯಿಸಿದ್ರೂ ಹೋಗಲ್ಲ, ಮಾವ." ಆಮೇಲೆ ಕಾಗದ ತೆಗೆದುಕೊಂಡು ಓದಿದಳು. ಓದುತ್ತಾ ಅವಳ ಮುಖ ಕಪ್ಪಿಟ್ಟಿತು. "ದೊಡ್ಡಮ್ಮ, ಕೇಳು. 'ಹಿಂದಿನ ಗಣಿಯಿಂದ ಇಲ್ಲಿ ಯಾರಿಗೂ ಯಾವ ಕಾಯಿಲೆಯೂ ಬಂದಿಲ್ಲ' ಅಂತ ಬರೆದಿದೆ. ಇದಕ್ಕೆ ನಿನ್ನ ಹೆಬ್ಬೆಟ್ಟು ಬೇಕಂತೆ."

ಗ್ಲೆನಿಬಾಳ ಕತ್ತರಿ ನಿಂತಿತು. ಅವಳ ಗಂಡ ಹನ್ನೊಂದು ವರ್ಷ ಆ ಗಣಿಯಲ್ಲಿ ದುಡಿದಿದ್ದ. ಸಂಜೆ ಅಂಗಿಯ ತುಂಬ ಹಳದಿ ಧೂಳು ಹೊತ್ತು ಬರುತ್ತಿದ್ದ. ಆ ಅಂಗಿಯನ್ನೂ ಕೂಸಿನ ಬಟ್ಟೆಯನ್ನೂ ಒಂದೇ ತೊಟ್ಟಿಯಲ್ಲಿ ಒಗೆದವಳು ಅವಳೇ. ಧೂಳು ಎಂಥದ್ದೆಂದು ಒಬ್ಬನೂ ಹೇಳಿರಲಿಲ್ಲ. ಕೊನೆಗೆ ಅವನು ರಕ್ತ ಕೆಮ್ಮಿ ಕೆಮ್ಮಿ ಹೋದ.

"ಯಾವ ಬಾಯಿಂದ ಬರೆದ್ರು ಇದನ್ನ?"

"ನಮ್ಮ ಮುಚ್ಚಿದ ಬಾಯಿಂದ, ದೊಡ್ಡಮ್ಮ. ನಾವು ಯಾವತ್ತಾದ್ರೂ ಹೇಳಿದೀವಾ?"

ಹ್ಯಾಸ್ಕಿ ಬೆಚ್ಚಿದ. "ಬೇಡ, ಹೋದವರ ಮಾತು ಎತ್ತಬಾರದು. ಹೆಸರು ಹಿಡಿದ್ರೆ ಅವರ ನೆರಳು ಮನೆಗೆ ಬರುತ್ತೆ. ಅದೂ ಅಲ್ದೆ, ಹುಡುಗರಿಗೆ ಕೆಲಸ ಸಿಗುತ್ತೆ ಅಂದಿದಾರೆ."

"ಹಿಂದಿನ ಸಲವೂ ಕೆಲಸ ಕೊಟ್ಟಿದ್ರಲ್ಲ? ಆ ಗಂಡಸರೆಲ್ಲಿ? ನಡಿ, ಒಬ್ಬನನ್ನ ತೋರ್ಸು!" ಗ್ಲೆನಿಬಾ ಗುಡುಗಿದಳು. "ಮಂದೆ ಜಾಸ್ತಿ ಆಯ್ತು ಅಂತ ಸರ್ಕಾರದವ್ರು ಬಂದೂಕು ತಂದು ನಮ್ಮ ಮೇಕೆ ಕೊಲ್ಲೋಕೆ ನಿಂತಾಗ ನಮ್ಮವ್ವನ ಅವ್ವ ಇದೇ ದೊಡ್ಡಿ ಬಾಗಿಲಿಗೆ ಅಡ್ಡ ನಿಂತ್ಲು. ಅರ್ಧ ಮಂದೆ ಉಳೀತು. ನನ್ನ ಹೊಕ್ಕುಳಬಳ್ಳಿ ಹೂತಿರೋದು ಈ ದೊಡ್ಡೀಲಿ. ನಿಂದೂ ಇಲ್ಲೇ. ನಾನೆಲ್ಲಿಗೆ ಹೋಗ್ಲಿ?"

ಶನಿವಾರ ಊರ ಸಭೆ. ಮಣ್ಣು ಕಾಣದ ಬೂಟು ಹಾಕಿಕೊಂಡಿದ್ದ ಗಣಿಯವನು ಮಾತಾಡಿದ. ಶರ್ಲೀನ್ ಅದನ್ನು ನಮ್ಮ ಮಾತಿನಲ್ಲಿ ಹೇಳಿದಳು: "ದಾಖಲೆಯಲ್ಲಿ ಒಂದು ದೂರೂ ಇಲ್ಲವಂತೆ."

ಗ್ಲೆನಿಬಾ ಎದ್ದಳು. ಪದ್ಧತಿಯಂತೆ ಮೊದಲು ತಾಯಿಯ ಕುಲ, ಆಮೇಲೆ ತಂದೆಯ ಕುಲ, ಇಬ್ಬರು ಅಜ್ಜಂದಿರ ಕುಲ ಹೇಳಿದಳು.

"ನಾವು ಹೋದವರ ಹೆಸರು ಎತ್ತಲ್ಲ. ಇವತ್ತೂ ಎತ್ತಲ್ಲ. ಗಣಿಗೆ ಹೋದ ಗಂಡನ ಅಂಗಿ ಒಗೆದು, ಆಮೇಲೆ ಒಂಟಿಯಾದ ಹೆಂಗಸರು ಎದ್ದು ನಿಲ್ಲಿ."

ಒಂದು ಬೆಂಚು ಕಿರುಗುಟ್ಟಿತು. ಮತ್ತೊಂದು. ಮುಂದಿನ ಎರಡು ಸಾಲು ಪೂರಾ ಎದ್ದಿತು. ಕಾಲು ಸೋತವರು ಪಕ್ಕದವರ ಭುಜ ಹಿಡಿದು ಎದ್ದರು.

"ಅಪ್ಪನ್ನ ಕಳಕೊಂಡವರು. ಅಣ್ಣನ್ನ ಕಳಕೊಂಡವರು."

ಎಲ್ಲರಿಗಿಂತ ಕೊನೆಗೆ ಹಿಂದಿನ ಗೋಡೆಯ ಪಕ್ಕ ಹ್ಯಾಸ್ಕಿ ಎದ್ದು ಟೋಪಿ ತೆಗೆದ. ಇವರಿಬ್ಬರ ಹಿರಿಯಣ್ಣನೂ ಅದೇ ಗಣಿಗೆ ಹೋಗಿದ್ದ.

"ಬರ್ಕೊಳ್ಳಪ್ಪ," ಎಂದಳು ಗ್ಲೆನಿಬಾ. "ಇದೇ ನಮ್ಮ ದೂರು."

ಗಣಿಯವನ ಪೆನ್ನು ಅಲ್ಲಾಡಲಿಲ್ಲ. ಶರ್ಲೀನ್ ಬರೆದಳು, ಒಬ್ಬೊಬ್ಬರ ಕಾಯಿಲೆ, ವರ್ಷ, ಕುಡಿದ ಬಾವಿ. ಗಣಿ ಬೇಡವೆಂದು ಸಭೆಯೆಲ್ಲ ಕೈ ಎತ್ತಿತು. ಹ್ಯಾಸ್ಕಿ ತಾನು ಸಹಿ ಹಾಕಿದ್ದ ಕಾಗದವನ್ನು ಗಣಿಯವನಿಂದ ವಾಪಸು ಕೇಳಿ ಪಡೆದು, ಅವನೆದುರೇ ಹರಿದ. ಮರುದಿನದಿಂದ ದೂರದ ಬಾವಿಗೆ ಹೋಗುತ್ತಾನೆ. ದಾರಿಯುದ್ದಕ್ಕೂ ಗೊಣಗುತ್ತಾನೆ, ಆದರೆ ಹೋಗುತ್ತಾನೆ.

ಓದುವ ಅಕ್ಕಂದಿರೇ, ಕೇಳುವ ಅಣ್ಣಂದಿರೇ, ನಿಮ್ಮ ಊರಿನ ಗುಡ್ಡಕ್ಕೂ ಒಂದು ದಿನ ಇಂಥ ಕಾಗದ ಬಂದೀತು. ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ. ಬಾವಿಯ ನೀರು ಪರೀಕ್ಷೆ ಮಾಡಿಸಿ. ಮನೆಯಲ್ಲಿ ಕಾಯಿಲೆ ಬಂದರೆ ಬರೆಸಿಡಿ. ಸಭೆಗೆ ಹೋಗಿ, ಹೆಂಗಸರು ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ. ನೀವು ಸುಮ್ಮನಿದ್ದರೆ ಅದನ್ನೇ ಒಪ್ಪಿಗೆ ಎಂದು ಬರೆದುಕೊಳ್ಳುತ್ತಾರೆ.

ಗಣಿಯವರು ಅಳತೆಗೆಂದು ನೆಲದಲ್ಲಿ ನೆಟ್ಟಿದ್ದ ಕೆಂಪು ಗೂಟಗಳನ್ನು ಕಿತ್ತುಕೊಂಡು ಬುಧವಾರ ಹೊರಟುಹೋದರು. ಹಳೆಯ ಗಣಿಯ ಮಣ್ಣಿನ ದಿಬ್ಬ ಮಾತ್ರ ಇನ್ನೂ ಹೋಗಿಲ್ಲ.