ಕೈಗಡಿಯಾರದ ಮಾವ

ತುಂಬಿದ ಲೋಟವನ್ನು ತುಳುಕದಂತೆ ಒಯ್ಯುವವರ ಹಾಗೆ ಎಡಗೈಯನ್ನು ಎದೆಯ ಮಟ್ಟಕ್ಕೆ ಮಡಚಿಕೊಂಡು ನಡೆಯುವುದು ನನ್ನ ಸೋದರಮಾವನ ರೂಢಿ. ಆ ಕೈಗೆ ಕೀಲಿ ಕೊಡುವ ಹಳೆಯ ಗಡಿಯಾರ, ಮೈಗೆ ಜೇಬು ಜೋತುಬಿದ್ದ ಬಿಳಿಕೋಟು. ಆಸ್ಪತ್ರೆಯ ರಕ್ತಪರೀಕ್ಷೆಯ ಕೊಠಡಿಯಲ್ಲಿ ಇಪ್ಪತ್ತಾರು ವರ್ಷ ಸವೆಸಿರುವ ಅವರು, ಗಂಟೆ ಎಷ್ಟೆಂದು ಕೇಳಿದವರಿಗೆ ಸೆಕೆಂಡು ಸಮೇತ ಉತ್ತರ ಕೊಡುತ್ತಾರೆ. ಅಷ್ಟರಲ್ಲಿ ಕೇಳಿದವರು ಬಾಗಿಲು ದಾಟಿರುತ್ತಾರೆ.

ಅವರ ಪರಮವೈರಿ ಮೇಜಿನ ಮೇಲಿನ ಕಂಪ್ಯೂಟರು. ಒಂದೇ ಡಬ್ಬಿಯಲ್ಲಿ ಎರಡು ಆಪರೇಟಿಂಗ್ ಸಿಸ್ಟಂ: ಒಂದರಲ್ಲಿ ಪರೀಕ್ಷೆಯ ಯಂತ್ರ ಓಡಬೇಕು, ಇನ್ನೊಂದರಲ್ಲಿ ಕಾಗದಪತ್ರ ನಡೆಯಬೇಕು. ಒಳಗಿನ ಗಡಿಯಾರ ಒಂದೇ. ಒಂದು ಸಿಸ್ಟಂ ಅದನ್ನು ಊರಿನ ಸಮಯವೆಂದು ಓದಿದರೆ, ಮತ್ತೊಂದು ಗ್ರೀನಿಚ್ಚಿನ ವಿಶ್ವಸಮಯವೆಂದು ತಿಳಿದು ತಿದ್ದಿಬಿಡುತ್ತಿತ್ತು. ಕಾಗದಪತ್ರದ ಸಿಸ್ಟಂನಿಂದ ಪರೀಕ್ಷೆಯದಕ್ಕೆ ಮರಳಿದಾಗಲೆಲ್ಲ ಐದೂವರೆ ಗಂಟೆ ಮಾಯ. ಮಾವ ಕೈಗಡಿಯಾರ ನೋಡಿ, ಗೊಣಗಿ, ಪ್ರತಿಸಲವೂ ಸರಿಪಡಿಸುತ್ತಿದ್ದರು.

"ಇಬ್ರು ಸೊಸೆಯಂದ್ರು ಇರೋ ಅಡುಗೆಮನೆ ಇದು. ಒಬ್ಳು ಇಟ್ಟಿದ್ದು ಇನ್ನೊಬ್ಳಿಗೆ ಸೇರಲ್ಲ," ಎಂದು ಒಮ್ಮೆ ವಾರ್ಡಿನ ಡಾಕ್ಟರಮ್ಮನಿಗೆ ದೂರಿದರು.

"ಇಬ್ರಿಗೂ ಒಂದೇ ಸಮಯ ಅಂತ ಒಂದ್ಸಲ ಹೇಳಿಟ್ರೆ ಮುಗೀತು, ಐದು ನಿಮಿಷದ ಕೆಲಸ," ಎಂದರು ಡಾಕ್ಟರಮ್ಮ.

"ಆಮೇಲೆ ನೋಡೋರು ಯಾರು?" ಎಂದು ಮಾವ ಮುಖ ತಿರುಗಿಸಿದರು.

ಹೀಗಿರುವಾಗ ಒಂದು ದಿನ ಎದೆನೋವೆಂದು ಬೆಳಗಾಗುತ್ತಲೇ ಬಂದು ಮಲಗಿದ್ದ ಬಸ್ ಡ್ರೈವರನ ರಕ್ತವನ್ನು ಹತ್ತಕ್ಕೊಮ್ಮೆ, ಮಧ್ಯಾಹ್ನ ಒಂದಕ್ಕೊಮ್ಮೆ ಪರೀಕ್ಷಿಸಿದರು. ನಡುವೆ ಯಾವುದೋ ಕಾಗದಕ್ಕಾಗಿ ಸಿಸ್ಟಂ ಬದಲಾಯಿಸಿದ್ದ ಮಾವ, ಕೆಲಸದ ಗಡಿಬಿಡಿಯಲ್ಲಿ ಸಮಯ ತಿದ್ದುವುದನ್ನೇ ಮರೆತರು. ಒಂದು ಗಂಟೆಯ ರಕ್ತಕ್ಕೆ ಬೆಳಿಗ್ಗೆ ಏಳೂವರೆಯ ಮುದ್ರೆ ಬಿತ್ತು. ಅದೇ ಮೊದಲಿನ ರಕ್ತವೆಂದಾಗಿ, ಹೃದಯಕ್ಕೆ ಪೆಟ್ಟಾಗಿದೆಯೆಂದು ಹೇಳುತ್ತ ಏರುತ್ತಿದ್ದ ಅಂಕಿ ಇಳಿಯುತ್ತಿರುವಂತೆ ಕಂಡಿತು. ಆಗಷ್ಟೇ ಪಾಳಿಗೆ ಬಂದಿದ್ದ ಡಾಕ್ಟರಮ್ಮ ಅವನನ್ನು ಮನೆಗೆ ಕಳಿಸಲು ಚೀಟಿ ಬರೆದರು.

ಪ್ರತಿ ಸೀಸೆಯ ಸಮಯವನ್ನು ಕೈಗಡಿಯಾರ ನೋಡಿ ಪುಸ್ತಕದಲ್ಲೂ ಬರೆಯುವುದು ಮಾವನ ಹಳೆಯ ಹಠ. ಅಂದು ಪುಸ್ತಕದಲ್ಲಿ ಬರೆದಿದ್ದ ಒಂದು ಗಂಟೆಯನ್ನು ತುಸು ಹೊತ್ತಿನ ಮೇಲೆ ಪರದೆಯೊಂದಿಗೆ ತಾಳೆ ನೋಡಿದರೆ, ಅಲ್ಲಿ ಏಳೂವರೆ ಇತ್ತಂತೆ. ಕೂಡಲೇ ಪುಸ್ತಕ ಹಿಡಿದು ಓಡಿದರು, ಎಡಗೈ ಎತ್ತೆತ್ತಲೋ ಬೀಸುತ್ತಿತ್ತು. ಡ್ರೈವರ್ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ.

"ತಪ್ಪು ನಂದು, ಡಾಕ್ಟ್ರೇ. ಇವ್ರನ್ನ ಕಳಿಸ್ಬೇಡಿ."

ಹನ್ನೆರಡನೆಯ ದಿನ ಅವನು ಅದೇ ಚಪ್ಪಲಿಯಲ್ಲಿ ಮನೆಗೆ ನಡೆದ. ಅದಕ್ಕೂ ಮೊದಲೇ ಮಾವ, "ಆ ಐದು ನಿಮಿಷದ ಕೆಲಸ ಮಾಡಿಸ್ಬಿಡಿ," ಎಂದು ತಾವಾಗಿ ಹೋಗಿ ಕೇಳಿದ್ದರು. ಕಂಪ್ಯೂಟರು ಅಂದಿನಿಂದ ಸಮಯ ತಪ್ಪಿಲ್ಲ. ಮಾವ ಮಾತ್ರ ಈಗಲೂ ದಿನಾ ಬೆಳಿಗ್ಗೆ ಎಡಗೈಯನ್ನು ಪರದೆಯ ಪಕ್ಕಕ್ಕೆ ಹಿಡಿದು ನೋಡುತ್ತಾರೆ.

ಬೀಗ ಹಾಕಿ ಮತ್ತೊಮ್ಮೆ ಜಗ್ಗಿ ನೋಡುವ ಇಂಥವರು ಮನೆಗೊಬ್ಬರು, ಕಚೇರಿಗೊಬ್ಬರು ಇರುತ್ತಾರೆ. ಅವರ ಕಾಟಕ್ಕೆ ನಾವು ಗೊಣಗುತ್ತೇವೆ, ಬೆನ್ನ ಹಿಂದೆ ನಗುತ್ತೇವೆ. ನಕ್ಕು ಸಂಜೆ ಸುಖವಾಗಿ ಮನೆ ಸೇರುತ್ತೇವಲ್ಲ, ಅದು ಎಷ್ಟು ಸಲ ಅವರ ದಯೆಯಿಂದಲೋ ನಮಗೆ ತಿಳಿಯುವುದೇ ಇಲ್ಲ.