ರಂಗಮ್ಮನ ಎಪ್ಪತ್ತೆರಡು

ಬಾಣಾವರದ ರಂಗಮ್ಮನಿಗೆ ಅಕ್ಷರ ಬಾರದು. ಆದರೂ ಆರು ವರ್ಷಗಳಲ್ಲಿ ಏನಿಲ್ಲವೆಂದರೂ ಮೂವತ್ತು ಡಾಕ್ಟರುಗಳನ್ನು ಪಾಸು ಮಾಡಿಸಿದ ಹೆಂಗಸು ಆಕೆ. ಅರಸೀಕೆರೆಯ ಟ್ರಸ್ಟ್ ಆಸ್ಪತ್ರೆಗೆ ಮೆಡಿಕಲ್ ಕಾಲೇಜಿನ ಹುಡುಗ ಹುಡುಗಿಯರು ವಾರ್ಡಿನ ಕೆಲಸ ಕಲಿಯಲು ಬರುತ್ತಾರೆ. ತಿಂಗಳ ಕೊನೆಗೆ ಅವರಿಗೊಂದು ಪರೀಕ್ಷೆ. ಒಬ್ಬೊಬ್ಬರ ಕೈಗೂ ಒಬ್ಬ ರೋಗಿಯನ್ನು ಒಪ್ಪಿಸುತ್ತಾರೆ. ಅರ್ಧ ಗಂಟೆಯೊಳಗೆ ಮಾತಾಡಿಸಿ, ಮುಟ್ಟಿ ನೋಡಿ, ಕಾಯಿಲೆ ಏನೆಂದು ಹೇಳಬೇಕು. ಹತ್ತು ಮಾರ್ಕು, ಐದು ಬಂದರೆ ಪಾಸು. ಚಿಕ್ಕಂದಿನ ಜ್ವರವೊಂದರಿಂದ ರಂಗಮ್ಮನ ಹೃದಯದ ವಾಲ್ವ್ ಕಿರಿದಾಗಿದೆ. ಎದೆಗೆ ಕೊಳವೆ ಇಟ್ಟರೆ ಸದ್ದು ಸೊಗಸಾಗಿ ಕೇಳುತ್ತದೆಯಂತೆ. ಹಾಗಾಗಿ ಪರೀಕ್ಷೆ ಬಂತೆಂದರೆ ಆಸ್ಪತ್ರೆಯಿಂದ ಫೋನು ಬರುತ್ತದೆ, ಆಕೆ ಮಡಿಚಿಟ್ಟ ಸೀರೆಯುಟ್ಟು ರೈಲು ಹತ್ತುತ್ತಾಳೆ.

ಪರೀಕ್ಷೆಗೆ ಕೂತ ಮಕ್ಕಳು ಬೆವರುವುದನ್ನು ರಂಗಮ್ಮ ನೋಡಲಾರಳು. ಪರೀಕ್ಷೆ ನಡೆಸುವ ಡಾಕ್ಟರ್ ಹೇಮಲತಾ ಅತ್ತ ತಿರುಗಿದ ತಕ್ಷಣ ಮೆಲ್ಲಗೆ ಉಸುರಿಬಿಡುತ್ತಾಳೆ. "ಎಡಗಡೆಗೆ ಮಲಗಿಸ್ಕಂಡು ಕೇಳು ಮಗ, ಅಲ್ಲೇ ಐತೆ ಸದ್ದು. ಮೈಟ್ರಲ್ ಸ್ಟೆನೋಸಿಸ್ ಅನ್ನು. ನಾಡಿ ಎಪ್ಪತ್ತೆರಡು, ಸರಿಯಾಗೈತೆ, ಬರ್ಕೊಬುಡು." ಕಿರಿದಾದ ವಾಲ್ವಿಗಿರುವ ಆ ಇಂಗ್ಲಿಷು ಹೆಸರು ಮಕ್ಕಳಿಗಿಂತ ಆಕೆಯ ಬಾಯಲ್ಲೇ ನೀಟಾಗಿ ಬರುತ್ತದೆ. ಅಂದು ಬೆಳಿಗ್ಗೆ ಶಶಿಕಿರಣ್ ಎಂಬ ಹುಡುಗ ಹೇಳಿದ್ದನ್ನೆಲ್ಲ ಹಾಗೇ ಬರೆದುಕೊಂಡು, ಇಪ್ಪತ್ತೇ ನಿಮಿಷಕ್ಕೆ ಮುಗಿಸಿ, ಒಂಬತ್ತು ಮಾರ್ಕು ಹೊಡೆದುಕೊಂಡು ಹೋಗಿದ್ದ.

ಮಧ್ಯಾಹ್ನ ಬಂದವಳ ಹೆಸರು ಇಂದು. ಹಳೇಬೀಡಿನ ಹುಡುಗಿ, ತಾಯಿ ಅಲ್ಲೇ ಶಾಲೆಯ ಟೀಚರು. ತನ್ನ ಹೆಸರನ್ನು ಎರಡೆರಡು ಸಲ ಹೇಳಿ ನಮಸ್ಕಾರ ಮಾಡಿ, ಕೊಳವೆಯನ್ನು ತಿರುಗಾಮುರುಗಾ ಕಿವಿಗೆ ಹಾಕಿಕೊಂಡಳು.

"ಯಾಕವ್ವ ಇಷ್ಟು ಹೆದರ್ಕಂಡಿದ್ದೀಯ?"

"ಹೋದ ಸಲ ಫೇಲಾದೆ ಅಜ್ಜಿ. ಟೈಮ್ ಮುಗಿದಾಗ ಕಾಯಿಲೆ ಏನಂತಾನೇ ಹೇಳೋಕಾಗ್ಲಿಲ್ಲ. ನನ್ನ ಪುಸ್ತಕದಲ್ಲಿ ಮೇಡಂ 'ನಿಧಾನ' ಅಂತ ಬರೆದ್ರು. ಇವತ್ತೂ ಹೋದ್ರೆ ಆರು ತಿಂಗಳು ಹಿಂದೆ ಬೀಳ್ತೀನಿ. ಅಮ್ಮಂಗೆ ಇನ್ನೂ ಹೇಳಿಲ್ಲ."

ರಂಗಮ್ಮ ಈ ಮಗುವನ್ನು ದಡ ಮುಟ್ಟಿಸಿಯೇ ತೀರಬೇಕೆಂದುಕೊಂಡಳು. ಮೈಟ್ರಲ್ಲೂ ಹೇಳಿದಳು, ಎಪ್ಪತ್ತೆರಡೂ ಹೇಳಿದಳು. ಇಂದು ನಕ್ಕು, ಆಕೆಯ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ಎಣಿಸತೊಡಗಿದಳು. ಕಾಲು ನಿಮಿಷವಾಯಿತು, ಅರ್ಧವಾಯಿತು. ಬಿಡಲಿಲ್ಲ.

"ಹದಿನೈದು ಸೆಕೆಂಡು ಎಣಿಸಿ ನಾಕರಿಂದ ಗುಣಿಸ್ತಾರೆ ಕಣವ್ವ, ಎಲ್ಲಾರೂ ಅಂಗೇ ಮಾಡದು."

"ನನಗೆ ಪೂರ್ತಿ ನಿಮಿಷ ಬೇಕು ಅಜ್ಜಿ." ಒಂದು ಸಲ ಎಣಿಸಿದವಳು ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಎಣಿಸಿದಳು. "ಈಚೆಗೆ ಎದೆ ಡವಡವ ಅಂತ ಹೊಡ್ಕೊಳ್ಳುತ್ತಾ?"

"ಇಲ್ಲ," ಎಂದಳು ರಂಗಮ್ಮ.

ಹಸಿ ಸುಳ್ಳು. ಹತ್ತು ದಿನಗಳಿಂದ ಎದೆಯೊಳಗೆ ಏನೋ ಅಡ್ಡಾದಿಡ್ಡಿ ಓಡಾಡುತ್ತಿತ್ತು. ಗಂಡ ತಿಮ್ಮಯ್ಯನಿಗೂ ಬಾಯಿ ಬಿಟ್ಟಿರಲಿಲ್ಲ. ಈಗ ಈ ಹುಡುಗಿಯ ಹತ್ತಿರ ಹೇಳಿದರೆ, ಎಲ್ಲರೂ ಬರೆದು ಪಾಸಾದ ಉತ್ತರ ಕೆಟ್ಟು, ಇವಳು ಗಲಿಬಿಲಿಯಾಗಿ ಮತ್ತೆ ಮುಗ್ಗರಿಸಿದರೆ? ಅದಕ್ಕೇ ಆ ಸುಳ್ಳು.

ಇಂದು ಕೈ ಬಿಡಲಿಲ್ಲ. "ನನಗೂ ಪಾಸಾಗ್ಬೇಕು ಅಜ್ಜಿ. ಆದ್ರೆ ಇಲ್ಲಿ ಎಪ್ಪತ್ತೆರಡಿಲ್ಲ. ಇಲ್ಲದ್ದನ್ನ ಬರೆಯೋಕಾಗಲ್ಲ. ಏನಾಗ್ತಿದೆ ಹೇಳಿ."

ಆರು ವರ್ಷಗಳಲ್ಲಿ ಎಲ್ಲರೂ ಆಕೆಯ ಎದೆಯ ಸದ್ದು ಕೇಳಿದ್ದರು. ಹೀಗೆ ಕೂತು ಆಕೆಯನ್ನು ಕೇಳಿದವರಿರಲಿಲ್ಲ. ರಂಗಮ್ಮನ ಕಣ್ಣು ತುಂಬಿತು. ಆಮೇಲೆ ಯಾರು ತಡೆಯಬೇಕು? ದೇವರಿಗೆಂದು ಹೋಗಿ ಮಾಲೇಕಲ್ಲು ಬೆಟ್ಟದ ಅರ್ಧ ಮೆಟ್ಟಿಲಲ್ಲಿ ಉಸಿರು ಸಾಲದೆ ಕುಳಿತದ್ದು, ಗಂಡನಿಗೆ ಸುಳ್ಳು ಹೇಳಿ ಅವನೊಬ್ಬನನ್ನೇ ಮೇಲೆ ಕಳಿಸಿದ್ದು, ರಾಗಿ ಮುದ್ದೆ ತೊಳಸುವಾಗ ಕೋಲು ಕೈಯಿಂದ ಜಾರಿದ್ದು, ಎಲ್ಲ ಹೇಳಿದಳು. ಇಂದು ಒಂದು ಸಲವೂ ಗಡಿಯಾರ ನೋಡಲಿಲ್ಲ.

ಡಾಕ್ಟರ್ ಹೇಮಲತಾ ಬಂದು ನಿಂತಾಗಲೇ ಇಬ್ಬರಿಗೂ ಎಚ್ಚರವಾದದ್ದು.

"ಎಷ್ಟು ನಿಮಿಷ ಆಯ್ತು, ಇಂದು?"

ಹುಡುಗಿ ಗಡಿಯಾರ ನೋಡಿದಳು. "ನಲವತ್ತೈದು, ಮೇಡಂ."

ಹೋಯಿತು, ನನ್ನ ಹಾಳು ಬಾಯಿಂದಲೇ ಹೋಯಿತು, ಎಂದು ರಂಗಮ್ಮ ತನ್ನನ್ನೇ ಬೈದುಕೊಂಡಳು. ಇಂದು ನೆಟ್ಟಗೆ ನಿಂತು ಹೇಳತೊಡಗಿದಳು. ಮೈಟ್ರಲ್ ಸ್ಟೆನೋಸಿಸ್ ಸರಿ. ಆದರೆ ನಾಡಿ ತೊಂಬತ್ತಾರು, ಒಂದು ಬಡಿತಕ್ಕೂ ಇನ್ನೊಂದಕ್ಕೂ ತಾಳವಿಲ್ಲ.

"ಫೈಲಲ್ಲಿ ಎಪ್ಪತ್ತೆರಡು ಇದೆ. ಬೆಳಿಗ್ಗೆಯೂ ಅಷ್ಟೇ ಇತ್ತು. ಖಾತ್ರೀನಾ?"

"ಎರಡು ಸಲ ಎಣಿಸಿದೆ ಮೇಡಂ. ಪೂರ್ತಿ ನಿಮಿಷ."

ಡಾಕ್ಟರಮ್ಮ ತಾವೇ ರಂಗಮ್ಮನ ಕೈ ಹಿಡಿದರು. ಮುಖ ಬದಲಾಯಿತು. ಕೂಡಲೇ ಇಸಿಜಿ ಯಂತ್ರ ತರಿಸಿದರು. ಹೊರಬಂದ ಕಾಗದವನ್ನು ಬಹಳ ಹೊತ್ತು ನೋಡಿ ಮಂಚದ ಅಂಚಿಗೆ ಕುಳಿತರು.

"ರಂಗಮ್ಮ, ಇವತ್ತು ಊರಿಗೆ ಹೋಗೋ ಹಾಗಿಲ್ಲ. ಹೃದಯ ತಾಳ ತಪ್ಪಿದೆ. ಹೀಗೇ ಬಿಟ್ರೆ ಒಳಗೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೀಬಹುದು. ಮಾತ್ರೆ ಶುರು ಮಾಡೋಣ, ತಿಮ್ಮಯ್ಯನವರಿಗೆ ನಾನೇ ಫೋನ್ ಮಾಡ್ತೀನಿ." ಆಮೇಲೆ ಇಂದುವಿನ ಕಡೆ ತಿರುಗಿದರು. "ಬೆಳಿಗ್ಗೆ ಶಶಿಕಿರಣ್ ಎಪ್ಪತ್ತೆರಡು ಅಂದಾಗ ನಾನೂ ತಲೆಯಾಡಿಸಿದೆ. ಕೈ ಮುಟ್ಟಿ ನೋಡ್ಲಿಲ್ಲ. ತಪ್ಪು ನಂದು."

ಮಾರ್ಕಿನ ಹಾಳೆಯಲ್ಲಿ ಎಂಟು ಬರೆದರು. ಸಮಯಕ್ಕೆಂದು ಇದ್ದ ಎರಡು ಮಾರ್ಕು ಹಾರಿಹೋಗಿತ್ತು. ಇಂದು ಪಾಸು. ರಂಗಮ್ಮನಿಗೆ ಮಾತ್ರ ತಡೆಯಲಾಗಲಿಲ್ಲ.

"ಅದ್ಯಾಕೆ ಎರಡು ಕಟ್ ಮಾಡಿದ್ರಿ ಡಾಕ್ಟ್ರಮ್ಮ? ಆ ಹದಿನೈದು ನಿಮಿಷ ಮಾತಾಡಿದ್ದು ನಾನು. ಕಳೀಲೇಬೇಕು ಅಂದ್ರೆ ನಂದು ಕಳೀರಿ!"

"ನಿಮಗೆ ಯಾವ ಮಾರ್ಕಿದೆ ಕಳೆಯೋಕೆ? ನೀವು ಮಕ್ಕಳಿಗೆ ಉತ್ತರ ಹೇಳಿಕೊಡೋದು ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ?" ಎಂದು ಡಾಕ್ಟರಮ್ಮ ನಗುತ್ತ ಇಂದುವಿನ ಪುಸ್ತಕ ತೆರೆದರು. ಹೋದ ತಿಂಗಳು ಬರೆದಿದ್ದ ಮಾತಿನ ಕೆಳಗೆ ಏನೋ ಗೀಚಿ, ಸಹಿ ಹಾಕಿ, ಮುಂದಿನ ವಾರ್ಡಿಗೆ ನಡೆದರು.

"ಏನವ್ವ ಬರೆದವ್ರೆ? ಓದು."

ಇಂದು ಪುಸ್ತಕ ತನ್ನ ಕಡೆ ತಿರುಗಿಸಿಕೊಂಡು ಒಂದೊಂದೇ ಮಾತಾಗಿ ಓದಿದಳು. "ಈಗಲೂ ನಿಧಾನ. ಹೀಗೇ ಇರಲಿ."

ರಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವಳ ಮುಂದೆ ಕೈ ಚಾಚಿದಳು.

"ತಗಾ, ಇನ್ನೊಂದ್ಸಲ ಎಣಿಸು. ಈಗ ಟೈಮ್ ನೋಡೋರು ಯಾರೂ ಇಲ್ಲ."