ಸುಕ್ಕು ಬೀಳದ ಚಾದರ

ಮೂಲೆಕೋಣೆಯ ಚಾದರ ಎಳೆಯಲು ಕೈಹಾಕಿದ ಅಕ್ಕ ಹಾಗೇ ನಿಂತಳು. ಅದರಲ್ಲಿ ಒಂದು ಸುಕ್ಕೂ ಇರಲಿಲ್ಲ. ಕಳೆದ ವಾರ ತಾನೇ ಹಾಸಿ ಅಂಚು ಸಿಕ್ಕಿಸಿದ್ದು ಹಾಗೆಯೇ ಇತ್ತು. ದಿಂಬಿನ ಮೇಲೆ ತಲೆಯ ಗುರುತಿಲ್ಲ. ಒಗೆಯುವ ಬಟ್ಟೆಯ ರಾಶಿಯನ್ನು ಕೆಳಗಿಟ್ಟು ಮಂಚದಡಿ ಬಗ್ಗಿ ನೋಡಿದಳು. ಬಟ್ಟೆಯ ಗಂಟು ಕಟ್ಟಿದಂತೆಯೇ ಇತ್ತು. ಹಾಗಾದರೆ ಈ ಕೋಣೆಯ ಹುಡುಗಿ ಮಲಗುವುದಾದರೂ ಎಲ್ಲಿ?

ಮನೆ ಬಿಟ್ಟು ಬಂದ ಹೆಂಗಸರು ಉಳಿಯುವ ಜಾಗ ಅದು. ಒಂದು ಕಾಲಕ್ಕೆ ಅಕ್ಕನೂ ಹರಿದ ಚಪ್ಪಲಿಯಲ್ಲಿ ಇಲ್ಲಿಗೆ ಬಂದವಳೇ. ಈಗ ಇಲ್ಲಿನ ಮೇಲ್ವಿಚಾರಕಿ, ಎಲ್ಲರ ಬಾಯಲ್ಲೂ ಅಕ್ಕ. ಆಗ ಯಾವ ಬಾಗಿಲಿಗೂ ಒಳಗಡೆ ಚಿಲಕವಿರಲಿಲ್ಲ. ಗಂಡ ಹುಡುಕಿಕೊಂಡು ಬಂದುಬಿಟ್ಟರೆ ಎಂದು ಬಾಗಿಲಿಗೆ ಕುರ್ಚಿ ಒತ್ತಿಟ್ಟು, ಅದರಲ್ಲೇ ಕೂತು ತೂಕಡಿಸುತ್ತಿದ್ದಳು. ಹೊಣೆ ತನ್ನ ಕೈಗೆ ಬಂದಾಗ ಮೊದಲು ಮಾಡಿಸಿದ್ದು ಕೋಣೆ ಕೋಣೆಗೂ ಗಟ್ಟಿ ಚಿಲಕ. ಹಿತ್ತಲಲ್ಲಿ ಕಟ್ಟುತ್ತಿರುವ ಹೊಸ ಕೋಣೆಗಳಿಗೂ ಅಂಥದ್ದೇ ತರಲು ಬಡಗಿಗೆ ಹೇಳಿಯಾಗಿತ್ತು. ಎಲ್ಲಕ್ಕಿಂತ ಭದ್ರವಾದದ್ದು ಈ ಮೂಲೆಕೋಣೆಯದು. ಹೊಸದಾಗಿ ಬಂದ ಹೊಲಿಗೆಯವಳು ಬಹಳ ಹೆದರಿದ್ದಾಳೆ ಎಂದು, ನಿನ್ನ ಒಳ್ಳೆಯದಕ್ಕೇ ಎಂದು, ಅದನ್ನೇ ಕೊಟ್ಟಿದ್ದಳು.

ಅಡುಗೆಮನೆಗೆ ಹೋಗಿ ಅಡುಗೆಯ ಅಜ್ಜಿಯನ್ನು ಕೇಳಿದಳು. ಇವಳು ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಕಾಲವನ್ನೂ ಕಂಡಿದ್ದ ಅಜ್ಜಿ ಈರುಳ್ಳಿ ಹೆಚ್ಚುತ್ತಲೇ, ಆ ಹುಡುಗಿ ಹಾಲ್‌ನಲ್ಲಿ ಹೊಲಿಗೆ ಮಿಷನ್ ಮೇಲೆ ತಲೆಯಿಟ್ಟು ರಾತ್ರಿ ಕಳೆಯುವುದನ್ನೂ, ಬೆಳಿಗ್ಗೆ ಅವಳ ಕೆನ್ನೆಯಲ್ಲಿ ಅಳತೆ ಟೇಪಿನ ಗೆರೆ ಮೂಡಿರುವುದನ್ನೂ ಹೇಳಿದಳು. ಇವತ್ತು ಮಧ್ಯಾಹ್ನದ ಬಸ್ಸಿಗೆ ಗಂಡನ ಮನೆಗೆ ವಾಪಸ್ಸು ಹೊರಟಿದ್ದಾಳಂತೆ.

"ಅದೇ ಮನೆಗಾ?"

"ಇಲ್ಲಿ ನಿದ್ದೆ ಬರಲ್ವಂತೆ. ಅಲ್ಲೇನು ಸುಖ ಸುರೀತಿದೆಯೋ, ನಂಗಂತೂ ತಿಳೀದು. ನೀನೇ ಕೇಳು ಮಗಳೇ."

ಕೇಳುವಂತಿರಲಿಲ್ಲ. ಹೊಸಬರು ತಾವಾಗಿ ಬಾಯಿಬಿಡುವವರೆಗೆ ಯಾರೂ ಏನೂ ಕೆದಕಬಾರದು ಎಂಬುದು ಈ ಮನೆಯ ಕಟ್ಟಳೆ. ಅದನ್ನು ಬಿಗಿಯಾಗಿ ಹಿಡಿದವಳು ಇವಳೇ. ತಾನು ಬಂದ ದಿನ ಕಂಡಕಂಡವರಿಗೆಲ್ಲ ಕಥೆ ಹೇಳಿ ಹೇಳಿ ಸೋತಿದ್ದಳು.

ಮತ್ತೆ ಮೂಲೆಕೋಣೆಗೆ ಬಂದಳು. ಇದರಲ್ಲಿ ಕೊರತೆ ಏನಿದೆ? ಕಿಟಕಿಯಲ್ಲಿ ಗಾಳಿ ಬರುತ್ತದೆ, ಫ್ಯಾನ್ ಗೊಣಗುವುದಿಲ್ಲ. ಒಮ್ಮೆ ಮಲಗಿಯೇ ನೋಡೋಣ ಎನ್ನಿಸಿ ಬಾಗಿಲು ಮುಚ್ಚಿ ಚಿಲಕ ಎಳೆದಳು. ಠಕ್ ಎಂದಿತು. ಅವಳ ಮಟ್ಟಿಗೆ ಅದರಷ್ಟು ಹಿತವಾದ ಸದ್ದು ಇನ್ನೊಂದಿಲ್ಲ. ಅದೇ ಗಳಿಗೆಗೆ, ಹಾಲ್‌ನಲ್ಲಿ ಓಡುತ್ತಿದ್ದ ಮಿಷನ್ ನಿಂತುಹೋಯಿತು.

ಬಾಗಿಲು ತೆರೆದರೆ ಹೊಲಿಗೆಯವಳು ಎದುರಿಗೇ ನಿಂತಿದ್ದಳು. ಕೈಯಲ್ಲಿ ಒಂದೇ ತೋಳು ಹಚ್ಚಿದ ಅಂಗಿ, ಮುಖ ಬಿಳುಚಿಹೋಗಿತ್ತು.

"ಚಿಲಕ ಯಾರು ಹಾಕಿದ್ದು ಅಕ್ಕಾ?"

"ನಾನೇ ಕಣೆ. ಒಳಗಿಂದ."

"ಒಳಗಿಂದಾನೇ ಅಂತ ಗೊತ್ತು. ಆದ್ರೆ ಸದ್ದು ಅದೇ ಅಲ್ವಾ?" ಅಂಗಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಅಲ್ಲಿ ಅವರು ಹೊರಗಿಂದ ಹಾಕ್ಕೊಂಡು ಹೋಗೋರು. ನಿನ್ನ ಒಳ್ಳೇದಕ್ಕೇ ಅನ್ನೋರು. ಇಲ್ಲಿ ರಾತ್ರಿಯಾದ್ರೆ ಒಂದಾದ್ಮೇಲೊಂದು ಎಲ್ಲಾ ಬಾಗಿಲೂ ಠಕ್ ಠಕ್ ಅನ್ನುತ್ತೆ. ಅಲ್ಲಾದ್ರೆ ಒಂದೇ ಬಾಗಿಲು."

ಅಕ್ಕ ಚಿಲಕದಿಂದ ಕೈ ತೆಗೆದಳು. ಆಮೇಲೆ ಕೇಳಿದಳು, "ನಿಂಗೆ ಎಲ್ಲಿ ನಿದ್ದೆ ಬರಬಹುದು?"

ಹುಡುಗಿ ಯಾರೋ ಕಷ್ಟದ ಲೆಕ್ಕ ಕೊಟ್ಟಂತೆ ಯೋಚಿಸಿದಳು. ಅಡುಗೆಮನೆಯ ಹಿಂದೆ, ಪರದೆ ಕಟ್ಟಿದ ಆ ಜಾಗದಲ್ಲಿ ಎಂದಳು. ಅಲ್ಲಿ ಬಾಗಿಲೇ ಇಲ್ಲ.

"ಅದು ನಾನು ಮಲಗೋ ಜಾಗ," ಅಜ್ಜಿಯ ದನಿ ಅಡುಗೆಮನೆಯಿಂದ ಬಂತು. "ನನ್ನ ಗೊರಕೆಗೆ ಬೆಕ್ಕೇ ಮನೆ ಬಿಟ್ಟಿದೆ. ಯೋಚನೆ ಮಾಡ್ಕೊಂಡು ಬಾ."

"ಗೊರಕೆ ಇದ್ರೆ ಒಳ್ಳೇದೇ ಅಜ್ಜಿ. ಬೇರೇನೂ ಕೇಳಿಸಲ್ಲ."

ಮೂಲೆಕೋಣೆಯ ಹಾಸಿಗೆಯ ಒಂದೊಂದು ತುದಿ ಹಿಡಿದು ಅಕ್ಕನೂ ಹುಡುಗಿಯೂ ಅದನ್ನು ಪರದೆಯ ಹಿಂದೆ ಸಾಗಿಸಿದರು. ಹೊಲಿಗೆಯವಳು ಗಂಟು ಬಿಚ್ಚಿ, ಕತ್ತರಿ ತೆಗೆದುಕೊಂಡು, ಅಂಗಿಯ ಇನ್ನೊಂದು ತೋಳು ಹಚ್ಚಲು ಕೂತಳು.

ಅಷ್ಟರಲ್ಲಿ ಬಡಗಿ ಚಿಲಕಗಳ ಡಬ್ಬಿ ಹಿಡಿದು ಬಂದ. ಹೊಸ ಕೋಣೆಗಳ ಎಲ್ಲ ಬಾಗಿಲಿಗೂ ಇವತ್ತೇ ಹೊಡೆದುಬಿಡಲೇ ಎಂದು ಕೇಳಿದ. ನಾಳೆ ಬಾ ಎಂದಳು ಅಕ್ಕ. ನಿನ್ನೆ ತಾನೇ ಅರ್ಜೆಂಟ್ ಅಂದಿರಲ್ಲ ಎಂದು ಅವನು ಗೊಣಗಿಕೊಂಡು ಹೋದ.

ಅವಳು ಬಟ್ಟೆಯ ರಾಶಿಯನ್ನು ಮತ್ತೆ ತೋಳಿಗೇರಿಸಿಕೊಂಡಳು. ಓಣಿಯುದ್ದಕ್ಕೂ ಬಾಗಿಲುಗಳಿದ್ದವು. ಒಂದೊಂದರ ಹಿಂದೆಯೂ ತಾನು ಕೇಳದೆಯೇ ಚಿಲಕ ಕೊಟ್ಟ ಒಬ್ಬೊಬ್ಬಳು. ಇವರಲ್ಲಿ ಯಾರಿಗೆ ಅದು ಬೇಕಿತ್ತು, ಯಾರಿಗೆ ಬೇಡವಾಗಿತ್ತು? ಇಷ್ಟು ವರ್ಷ ತನಗೆ ಇದು ಹೊಳೆಯಲೇ ಇಲ್ಲವಲ್ಲ.

ಒಗೆಯುವ ಚಾದರಕ್ಕೆ ಬಂದಿದ್ದಾಳೆ ಎಂದೇ ಎಲ್ಲರೂ ತಿಳಿದುಕೊಳ್ಳಲಿ. ಅವಳು ಮೊದಲನೆಯ ಬಾಗಿಲು ತಟ್ಟಿದಳು.